ಎಬ್ಬಿಸಿದವರು ಯಾರು?

ಮೊದಲೇ ಹೇಳಿಬಿಡ್ತೀವಿ. ಇಲ್ಲಿ ನಾವು ಅಂದ್ರೆ ಹಾಸ್ಟೆಲ್‌ನ ಒಂದೇ ರೂಮಿನ ಇಬ್ಬರು. ಇಬ್ಬರದ್ದೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ಮನೆಯಲ್ಲಿ ಮಾತಾಡಿದ್ದು, ಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಆಗಿ ಓದಿದ್ದು, ಅಷ್ಟೇ. ಒತ್ತಕ್ಷರ, ದೀರ್ಘ ಎಲ್ಲಾದ್ರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ರೂಮಿನ ಮೂರನೆಯವನು ಹಾವೇರಿ ಕಡೆಯವನು. ಹಾಸ್ಟೆಲ್‌ನಲ್ಲಿ ಅವನ ಹೆಸರು ಅರ್ಧ ಜನಕ್ಕೆ ಗೊತ್ತಿಲ್ಲ, ಎಲ್ಲರೂ ಕರೆಯೋದು 'ಹಾವೇರಿ' ಅಂತಲೇ. ಹತ್ತನೇ ಕ್ಲಾಸ್‌ವರೆಗೆ ಅವನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಈ ಲೇಖನ ಅವನ ಲ್ಯಾಪ್‌ಟಾಪ್ ಬಗ್ಗೆ. ಅವನಿಗೆ ಗೊತ್ತಿಲ್ಲದೆ ಬರೀತಿಲ್ಲ. ಕನ್ನಡ ಸಂಘದವರು ಲೇಖನ ಕೇಳಿದಾಗ ಅವನೇ ಅಂದದ್ದು: "ನೀವ ಮಾಡಿದ್ದು, ನೀವ ಬರೀರಿ ಲೇ."

ಆ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ಸಿಇಟಿಯಲ್ಲಿ ಸೀಟು ಸಿಕ್ಕಿದ ವರ್ಷ ಅವರಪ್ಪ ಮೆಣಸಿನಕಾಯಿ ಮಾರಿ ಬಂದ ದುಡ್ಡಲ್ಲಿ ಕೊಡಿಸಿದ್ದು. 8 ಜಿಬಿ ರ‍್ಯಾಮ್, ಒಂದು ಮೂಲೆ ಸ್ವಲ್ಪ ಒಡೆದಿತ್ತು, ಕೀಬೋರ್ಡ್‌ನಲ್ಲಿ ಒಂದು ಕೀ ಗಟ್ಟಿಯಾಗಿ ಒತ್ತಬೇಕಿತ್ತು. ಫಸ್ಟ್ ಇಯರ್‌ನಲ್ಲಿ ಅದು ಆನ್ ಆಗೋಷ್ಟರಲ್ಲಿ ನಾವು ಮೆಸ್‌ಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಅವನು ಅದನ್ನೇ ಸಹಿಸ್ಕೊಂಡು ಸಿ ಪ್ರೋಗ್ರಾಂ ಬರೀತಿದ್ದ.

ನಮಗೆ ಆಗ ಲಿನಕ್ಸ್ ಹುಚ್ಚು ಹೊಸದಾಗಿ ಹಿಡಿದಿತ್ತು. ಸ್ವಂತ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡು, ಟರ್ಮಿನಲ್‌ನ ಕಪ್ಪು ಸ್ಕ್ರೀನ್ ಮೇಲೆ ಹಸಿರು ಅಕ್ಷರ ಮಾಡ್ಕೊಂಡು, ಕಾರಿಡಾರ್‌ನಲ್ಲಿ ಹೋಗೋರಿಗೆಲ್ಲ ತೋರಿಸ್ತಿದ್ದ ಕಾಲ. "ಮಗಾ, ನಿಂದಕ್ಕೂ ಲಿನಕ್ಸ್ ಹಾಕ್ಬಿಡೋಣ, ರಾಕೆಟ್ ಆಗುತ್ತೆ" ಅಂದೆವು. ಅವನು ಒಂದೇ ಪ್ರಶ್ನೆ ಕೇಳಿದ: "ಏನರ ಕೆಟ್ರ ನೀವು ನೋಡ್ಕೋತೀರಲ್ಲ?" ನೋಡ್ಕೋತೀವಿ ಅಂದೆವು. ಒಂದು ಭಾನುವಾರ ಮಧ್ಯಾಹ್ನ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿ ಮುಗಿಸಿದೆವು. ನಿಜಕ್ಕೂ ರಾಕೆಟ್ ಆಯ್ತು. ಅರ್ಧ ನಿಮಿಷದಲ್ಲಿ ಆನ್. ಅವತ್ತು ಅವನು ನಮಗೆ ಗೋಬಿ ಕೊಡಿಸಿದ.

ತೊಂದರೆ ಶುರುವಾಗಿದ್ದು ಥರ್ಡ್ ಸೆಮ್ ಆರಂಭದಲ್ಲಿ. ಬೆಳಗ್ಗೆ ರೂಮಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದ್ರೆ, ಮಧ್ಯಾಹ್ನ ಲ್ಯಾಬ್‌ಗೆ ಹೋಗಿ ತೆಗೆಯೋಷ್ಟರಲ್ಲಿ ಬ್ಯಾಟರಿ ಅರ್ಧಕ್ಕೆ ಇಳಿದಿರ್ತಿತ್ತು, ಮೈ ಸುಡ್ತಿತ್ತು. ಮೊದಲ ದಿನ ಅವನು ಅದರ ಬೆನ್ನಿನ ಮೇಲೆ ಕೈಯಿಟ್ಟು "ಲೇ, ಇದಕ್ಕ ಜ್ವರ ಬಂದಂಗ ಆಗೈತಿ ನೋಡ್ರಿ" ಅಂದ. ನಾವು ನಕ್ಕೆವು.

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಕಮಾಂಡ್‌ಗಳ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೀವಿ, ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ಲ್ಯಾಪ್‌ಟಾಪ್ ಮುಚ್ಚಿದಾಗ ಅದು ಮಲಗುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಆದ್ರೆ ನಿದ್ದೆ ಒಂದೇ ಥರ ಅಲ್ಲ. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೊಶಿಬಾ ಸೇರಿ ಎಸಿಪಿಐ ಅನ್ನೋ ನಿಯಮಾವಳಿ ಹೊರತಂದರು. ಕಂಪ್ಯೂಟರ್‌ನ ಪವರ್ ವಿಷಯದಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಮದರ್‌ಬೋರ್ಡ್‌ನ ಫರ್ಮ್‌ವೇರ್ ಹೇಗೆ ಮಾತಾಡ್ಕೋಬೇಕು ಅನ್ನೋದು ಅದರಲ್ಲಿದೆ. ನಿದ್ದೆಗೆ ಎಸ್-1, ಎಸ್-3, ಎಸ್-4 ಅಂತ ಮಟ್ಟಗಳೂ ಅದರಲ್ಲೇ ಇವೆ.

ಎಸ್-3 ಅಂದ್ರೆ ಗಾಢ ನಿದ್ದೆ. ರ‍್ಯಾಮ್‌ಗೆ ಮಾತ್ರ ಒಂಚೂರು ಕರೆಂಟ್, ಉಳಿದದ್ದು ಹೆಚ್ಚುಕಮ್ಮಿ ಆಫ್. ಎಚ್ಚರ ಆಗುವಾಗ ಮೊದಲು ಫರ್ಮ್‌ವೇರ್ ಏಳುತ್ತೆ, ಆಮೇಲೆ ಕರ್ನಲ್ ಕೈಗೆ ಜವಾಬ್ದಾರಿ ಕೊಡುತ್ತೆ, ಕರ್ನಲ್ ಒಂದೊಂದೇ ಡ್ರೈವರ್‌ನ ಕರೆದು "ನಿನ್ನ ಡಿವೈಸ್ ಎಬ್ಬಿಸು" ಅನ್ನುತ್ತೆ. ಲಿನಕ್ಸ್ ಇದನ್ನ 'ಡೀಪ್' ಅಂತ ಕರೆಯುತ್ತೆ. ಇನ್ನೊಂದು 'ಎಸ್-ಟು-ಐಡಲ್'. ಇದರಲ್ಲಿ ಫರ್ಮ್‌ವೇರ್‌ಗೆ ಏನನ್ನೂ ಒಪ್ಪಿಸೋದಿಲ್ಲ. ಕರ್ನಲ್ ಎಲ್ಲ ಪ್ರೋಗ್ರಾಂಗಳನ್ನ ನಿಲ್ಲಿಸಿ, ಡಿವೈಸ್‌ಗಳನ್ನ ಕಡಿಮೆ ಪವರ್‌ಗೆ ಇಳಿಸಿ, ಪ್ರೊಸೆಸರ್‌ನ ಸುಮ್ಮನೆ ಕೂರಿಸುತ್ತೆ. ಅಜ್ಜಿ ಹೇಳ್ತಾರಲ್ಲ, ಕೋಳಿ ನಿದ್ದೆ ಅಂತ, ಹಾಗೆ. ಸ್ವಲ್ಪ ಸದ್ದಾದ್ರೂ ಎಚ್ಚರ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್-3 ಇಲ್ಲವೇ ಇಲ್ಲ. ನಡುಗಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಇರುತ್ತೆ.

ನಿಮ್ಮದರಲ್ಲಿ ಯಾವುದಿದೆ ನೋಡೋದು ಸುಲಭ. 'ಸಿಸ್' ಫೋಲ್ಡರ್ ಒಳಗೆ 'ಪವರ್', ಅದರೊಳಗೆ 'ಮೆಮ್-ಸ್ಲೀಪ್' ಅನ್ನೋ ಫೈಲ್ ಇದೆ (ನಡುವೆ ಇರೋದು ಅಂಡರ್‌ಸ್ಕೋರ್). 'ಕ್ಯಾಟ್' ಕಮಾಂಡ್‌ನಿಂದ ಓದಿದ್ರೆ ಇರುವ ನಿದ್ದೆಗಳ ಹೆಸರು ಬರುತ್ತೆ, ಈಗ ಬಳಕೆಯಲ್ಲಿರೋದರ ಸುತ್ತ ಚೌಕ ಕಂಸ ಇರುತ್ತೆ. ಹಾವೇರಿ ಲ್ಯಾಪ್‌ಟಾಪ್‌ನಲ್ಲಿ ಎರಡೂ ಇತ್ತು, ಕಂಸ ಇದ್ದದ್ದು ಎಸ್-ಟು-ಐಡಲ್‌ಗೆ.

"ನೋಡಿದ್ಯಾ, ಸರಿಯಾಗಿ ಮಲಗ್ತಾನೇ ಇಲ್ಲ ಇದು!" ಅಂದೆವು. ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲಿನಲ್ಲಿ 'ಮೆಮ್-ಸ್ಲೀಪ್-ಡಿಫಾಲ್ಟ್ ಸಮ ಡೀಪ್' ಅಂತ ಸೇರಿಸಿದೆವು. ಎಲ್ಲೋ ಓದಿದ್ದು, ಹತ್ತು ನಿಮಿಷದ ಕೆಲಸ. ಯಾಕೆ ಹಾಕ್ತಿದ್ದೀವಿ, ಏನು ಅಡ್ಡ ಪರಿಣಾಮ, ಯಾವುದೂ ಯೋಚನೆ ಮಾಡಲಿಲ್ಲ. ಮರುದಿನದಿಂದ ಬ್ಯಾಗ್ ತಣ್ಣಗೆ. ಜ್ವರ ಬಿಟ್ಟಿತು ಅಂತ ನಾವೂ ಮರೆತೆವು. ನಿಜವಾಗ್ಲೂ ಮರೆತೆವು, ಇದು ನೆಪ ಅಲ್ಲ. ಆದ್ರೆ ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ ಅನ್ನೋದು ನಮ್ಮ ತಪ್ಪೇ.

ಎರಡು ಮೂರು ವಾರ ಆದಮೇಲೆ ಹೊಸ ರೋಗ ಬಂತು. ಲ್ಯಾಪ್‌ಟಾಪ್ ತೆರೆದ್ರೆ ಫ್ಯಾನ್ ತಿರುಗುತ್ತೆ, ಪವರ್ ಲೈಟ್ ಉರಿಯುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಪ್ರತಿ ಸಲ ಅಲ್ಲ. ನಾಲ್ಕೈದು ಸಲಕ್ಕೊಮ್ಮೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಸೇವ್ ಮಾಡದ್ದೆಲ್ಲ ಹೋಯ್ತು ಅಂತಲೇ ಲೆಕ್ಕ.

ಅವನು ಬಂದು ತೋರಿಸಿದ. ನಾವು ಅವಾಗ ಇಂಟರ್ನಲ್ಸ್ ಗಡಿಬಿಡಿಯಲ್ಲಿದ್ದೆವು. ಹತ್ತು ಸೆಕೆಂಡ್ ನೋಡಿ "ಮಗಾ, ಹಾರ್ಡ್‌ವೇರ್ ಇಶ್ಯೂ. ಲ್ಯಾಪ್‌ಟಾಪೇ ಹಳೇದಲ್ವಾ" ಅಂದ್ವಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಅವನು ಮರುಮಾತಾಡಲಿಲ್ಲ. ನಾವು ಹೇಳಿದ್ದನ್ನ ಅವನು ಯಾವತ್ತೂ ಪ್ರಶ್ನೆ ಮಾಡ್ತಿರಲಿಲ್ಲ. ಕಾರಣ ಈಗ ಯೋಚಿಸಿದ್ರೆ ನಾಚಿಕೆ ಆಗುತ್ತೆ. ಎರರ್ ಮೆಸೇಜ್ ಬಂದ್ರೆ ನಾವು ಪಟಪಟ ಅಂತ ಇಂಗ್ಲಿಷ್‌ನಲ್ಲಿ ಓದ್ತಿದ್ವಿ, ಅವನು ನಿಧಾನ ಓದ್ತಿದ್ದ. ಪಟಪಟ ಓದೋರಿಗೆ ಅರ್ಥವೂ ಆಗಿರುತ್ತೆ ಅಂತ ಅವನು ನಂಬಿದ್ದ. ನಾವೂ ಹಾಗೇ ನಂಬಿದ್ವಿ.

ಸೆಮಿಸ್ಟರ್ ಕೊನೆಗೆ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನ ಮಿನಿ ಪ್ರಾಜೆಕ್ಟ್ ಇತ್ತು. ಹಿಂದಿನ ರಾತ್ರಿ ಎರಡು ಗಂಟೆವರೆಗೆ ಅವನು ರಿಪೋರ್ಟ್ ಟೈಪ್ ಮಾಡಿದ್ದ. ನಿದ್ದೆಗಣ್ಣಲ್ಲಿ ಸೇವ್ ಮಾಡದೆ ಮುಚ್ಚಿ ಮಲಗಿದ್ದಾನೆ. ಬೆಳಗ್ಗೆ ತೆರೆದ್ರೆ ಕಪ್ಪು. ನಾವು ಎದ್ದಾಗ ಅವನು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಸುಮ್ಮನೆ ಕೂತಿದ್ದ. ಪವರ್ ಬಟನ್ ಒತ್ತೋಕೂ ಮನಸ್ಸಿಲ್ಲದೆ, ಇನ್ನೇನು ಬರುತ್ತೇನೋ ಅಂತ ಕಾಯ್ತಾ. ಬರಲಿಲ್ಲ. ಅವತ್ತು ಅರ್ಧ ರಿಪೋರ್ಟ್ ಕೊಟ್ಟ, ಅರ್ಧ ಮಾರ್ಕ್ಸ್ ಬಂತು.

ಅವತ್ತು ಸಂಜೆ ಅವನು ಊರಿಗೆ ಫೋನ್ ಮಾಡಿದ. ಸ್ಪೀಕರ್‌ನಲ್ಲಿತ್ತು, ಆದ್ದರಿಂದ ನಮಗೂ ಕೇಳಿಸ್ತು. "ಗೆಳ್ಯಾರು ನೋಡ್ಯಾರ ಅಪ್ಪಾ, ಲ್ಯಾಪ್‌ಟಾಪ್ ಹಳೇದಾಗೈತಂತ." ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಇರ್ಲಿ ಬಿಡು. ಬ್ಯಾಡಗಿಗೆ ಕಾಯಿ ಹಾಕಿ ಬಂದ್ ಮ್ಯಾಲೆ ರೊಕ್ಕ ಕಳಸ್ತೀನಿ. ಹೊಸಾದ ತಗೋ. ಓದಾಕ ಅಡ್ಡಿ ಆಗಬಾರದು."

ನಾವಿಬ್ಬರೂ ನಮ್ಮ ನಮ್ಮ ಫೋನ್ ನೋಡ್ತಾ ಕೂತ್ವಿ. ನಾವು ಹತ್ತು ಸೆಕೆಂಡ್ ನೋಡಿ ಹೇಳಿದ ಒಂದು ಮಾತಿಗೆ ಒಂದು ಮನೆಯ ವರ್ಷದ ಬೆಳೆಯ ದುಡ್ಡು ಹೋಗೋದ್ರಲ್ಲಿತ್ತು. ಆ ರಾತ್ರಿ ಊಟ ಆದಮೇಲೆ "ಲ್ಯಾಪ್‌ಟಾಪ್ ಕೊಡು ಹಾವೇರಿ, ಈ ಸಲ ಸರಿಯಾಗಿ ನೋಡ್ತೀವಿ" ಅಂದ್ವಿ.

ಮೊದಲು ನೋಡಬೇಕಾದ್ದು, ಸ್ಕ್ರೀನ್ ಮಾತ್ರ ಸತ್ತಿದೆಯೋ, ಇಡೀ ಸಿಸ್ಟಮ್ ಸತ್ತಿದೆಯೋ ಅಂತ. ಮುಚ್ಚಿ ತೆರೆದು, ಮುಚ್ಚಿ ತೆರೆದು ಕಪ್ಪು ಸ್ಕ್ರೀನ್ ಬರೋವರೆಗೆ ಕಾದೆವು. ಬಂದ ಮೇಲೆ ಕ್ಯಾಪ್ಸ್ ಲಾಕ್ ಒತ್ತಿದ್ವಿ. ಅದರ ಲೈಟ್ ಹತ್ತಿ ಆರಿದ್ರೆ ಕರ್ನಲ್ ಬದುಕಿದೆ ಅಂತ ಅರ್ಥ. ಹತ್ತಲಿಲ್ಲ. ನಮ್ಮ ಲ್ಯಾಪ್‌ಟಾಪ್‌ನಿಂದ ಪಿಂಗ್ ಮಾಡಿದ್ವಿ, ಉತ್ತರ ಇಲ್ಲ. ಇಡೀ ಸಿಸ್ಟಮೇ ನಿಂತುಬಿಟ್ಟಿತ್ತು.

ಆಫ್ ಮಾಡಿ ಆನ್ ಮಾಡಿ, 'ಜರ್ನಲ್‌ಸಿಟಿಎಲ್' ಕಮಾಂಡ್‌ಗೆ 'ಮೈನಸ್ ಬಿ ಮೈನಸ್ 1' ಕೊಟ್ಟು ಹಿಂದಿನ ಬೂಟ್‌ನ ಲಾಗ್ ತೆಗೆದೆವು. ಕೊನೆಯ ಸಾಲು 'ಸಸ್ಪೆಂಡ್ ಎಂಟ್ರಿ', ಪಕ್ಕದಲ್ಲಿ 'ಡೀಪ್'. ಅಲ್ಲಿಗೆ ಡೈರಿ ಮುಗಿದಿದೆ. ಮಲಗಿದೆ ಅಂತ ಬರೆದಿಟ್ಟವನು ಏಳಲೇ ಇಲ್ಲ, ಹಾಗಾಗಿ ಯಾಕೆ ಏಳಲಿಲ್ಲ ಅಂತ ಬರೆಯೋರು ಯಾರೂ ಇಲ್ಲ.

"ಡೀಪ್ ಅಂತ ಯಾಕಿದೆ? ಅವತ್ತು ಎಸ್-ಟು-ಐಡಲ್ ಇತ್ತಲ್ವಾ?" ನಮ್ಮಲ್ಲೊಬ್ಬ ಕೇಳಿದ. ಲಾಗ್‌ನ ಮೇಲಕ್ಕೆ, ಶುರುವಿಗೆ ಹೋದ್ವಿ. ಪ್ರತಿ ಬೂಟ್‌ನಲ್ಲೂ ಕರ್ನಲ್ ತನಗೆ ಕೊಟ್ಟ ಸೂಚನೆಗಳ ಸಾಲನ್ನ ಮೊದಲಲ್ಲೇ ಬರೆದಿಡುತ್ತೆ. ಅಲ್ಲಿತ್ತು, ಮೆಮ್-ಸ್ಲೀಪ್-ಡಿಫಾಲ್ಟ್ ಸಮ ಡೀಪ್. ನಮ್ಮ ಕೈಯಾರೆ ಹಾಕಿದ ಸಾಲು. ಸೆಮಿಸ್ಟರ್ ಪೂರ್ತಿ ದಿನಾ ಬೆಳಗ್ಗೆ ಅದು ಲಾಗ್‌ನಲ್ಲಿ ಅಚ್ಚಾಗ್ತಾ ಇತ್ತು. ಒಂದು ದಿನವೂ ನಾವು ತೆಗೆದು ನೋಡಿರಲಿಲ್ಲ.

ನಿಜ ಹೇಳಬೇಕಂದ್ರೆ, ಒಂದು ನಿಮಿಷ ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಹಾವೇರಿ ಆ ಕಡೆ ಮಂಚದ ಮೇಲೆ ಬಟ್ಟೆ ಮಡಚ್ತಿದ್ದ. ಸಾಲನ್ನ ಸುಮ್ಮನೆ ಅಳಿಸಿ "ಸರಿ ಹೋಯ್ತು ಮಗಾ" ಅಂದುಬಿಟ್ಟಿದ್ರೆ ಅವನಿಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಆ ಯೋಚನೆ ಇಬ್ಬರಿಗೂ ಬಂದಿತ್ತು ಅಂತ ಆಮೇಲೆ ಮಾತಾಡ್ಕೊಂಡ್ವಿ. ಆದ್ರೆ ಆ ಫೋನಿನ ದನಿ ಇನ್ನೂ ಕಿವಿಯಲ್ಲಿತ್ತು. ಹೇಳಿದ್ವಿ. "ಇದು ನಾವು ಹಾಕಿದ್ದು. ಹಾರ್ಡ್‌ವೇರ್ ಹಾಳಾಗಿಲ್ಲ. ನಿನ್ನ ರಿಪೋರ್ಟ್ ಹೋಗಿದ್ದು ನಮ್ಮಿಂದ."

ಅವನು ಮಡಚಿದ ಅಂಗಿಯನ್ನೇ ಮತ್ತೊಂದು ಸಲ ಮಡಚಿದ. "ಮೊದಲ ಹೇಳಿದ್ರ ಅಪ್ಪಗ ಫೋನ್ ಮಾಡ್ತಿರಲಿಲ್ಲ" ಅಂದ. ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಎಳ್ಕೊಂಡು ನಮ್ಮ ಪಕ್ಕ ಬಂದು ಕೂತ. "ಈಗೇನ್ ಮಾಡಾಕತ್ತೀರಿ, ನನಗೂ ಹೇಳ್ಕೋಂತ ಮಾಡ್ರಿ. ಕನ್ನಡದಾಗ ಹೇಳ್ರಿ."

ಸಾಲು ತೆಗೆದ್ರೆ ಕಪ್ಪು ಸ್ಕ್ರೀನ್ ಹೋಗುತ್ತೆ, ಆದ್ರೆ ಹಳೇ ಜ್ವರ ವಾಪಸ್ ಬರುತ್ತೆ. ಡೀಪ್‌ನಲ್ಲಿ ಏಳದೆ ಇರೋದು ಯಾವ ಡಿವೈಸ್ ಅಂತ ಮೊದಲು ಹುಡುಕೋಣ ಅಂತ ಕೂತ್ವಿ. ಕರ್ನಲ್‌ನಲ್ಲಿ ಇದಕ್ಕೆ ಎರಡು ಉಪಾಯ ಇದೆ. ಒಂದು 'ಪಿಎಂ-ಟೆಸ್ಟ್'. ನಿದ್ದೆಗೆ ಹೋಗುವ ದಾರಿಯಲ್ಲಿ ಐದು ಮೆಟ್ಟಿಲು: ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್. ಯಾವ ಮೆಟ್ಟಿಲಿನ ಹೆಸರು ಆ ಫೈಲ್‌ಗೆ ಬರೀತೀರೋ ಅಲ್ಲಿವರೆಗೆ ಹೋಗಿ, 5 ಸೆಕೆಂಡ್ ನಿಂತು, ವಾಪಸ್ ಬರುತ್ತೆ. ಪೂರ್ತಿ ಮಲಗಲ್ಲ. ಒಂದೊಂದೇ ಮೆಟ್ಟಿಲು ಇಳಿದು ನೋಡಿದ್ವಿ. ಐದರಿಂದಲೂ ವಾಪಸ್ ಬಂತು. ಅಂದ್ರೆ ತೊಂದರೆ ಇರೋದು ಕೊನೆಯಲ್ಲಿ, ಫರ್ಮ್‌ವೇರ್ ನಿಜವಾಗಿ ಕರೆಂಟ್ ತೆಗೆದು ಮತ್ತೆ ಕೊಟ್ಟ ಮೇಲೆ.

ಎರಡನೆಯದು 'ಪಿಎಂ-ಟ್ರೇಸ್'. ಇದು ನಮಗೆ ತುಂಬಾ ಇಷ್ಟ ಆಯ್ತು, ನಿಮಗೂ ಹೇಳಲೇಬೇಕು. ಸಿಸ್ಟಮ್ ಏಳುವಾಗ ಮಧ್ಯದಲ್ಲೇ ಸತ್ತರೆ ಡಿಸ್ಕ್ ಇನ್ನೂ ಎದ್ದಿರಲ್ಲ, ಸ್ಕ್ರೀನ್ ಎದ್ದಿರಲ್ಲ, ರ‍್ಯಾಮ್‌ನಲ್ಲಿದ್ದದ್ದು ರೀಬೂಟ್ ಮಾಡಿದ್ರೆ ಹೋಗುತ್ತೆ. ಎಲ್ಲಿ ಸತ್ತೆ ಅಂತ ಬರೆದಿಡೋಕೆ ಜಾಗ ಎಲ್ಲಿದೆ? 2006ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಕಂಡುಕೊಂಡ ಜಾಗ, ಗಡಿಯಾರ. ಮದರ್‌ಬೋರ್ಡ್ ಮೇಲಿನ ಗಡಿಯಾರ ಪವರ್ ಬಟನ್ ಒತ್ತಿ ಆಫ್ ಮಾಡಿದ್ರೂ ನಡೀತಾನೇ ಇರುತ್ತೆ. ಪ್ರತಿ ಡಿವೈಸ್ ಎಬ್ಬಿಸುವ ಮೊದಲು ಕರ್ನಲ್ ಅದರ ಹೆಸರಿನ ಹ್ಯಾಶ್ ಮಾಡಿ, ಅದನ್ನೇ ದಿನಾಂಕ ಸಮಯ ಅಂತ ಗಡಿಯಾರಕ್ಕೆ ಬರೆದುಬಿಡುತ್ತೆ! ಗಡಿಯಾರ ನಡೀತಾ ಇರೋದರಿಂದ ಸುಮಾರು 3 ನಿಮಿಷದೊಳಗೆ ರೀಬೂಟ್ ಮಾಡಬೇಕು, ತಡ ಆದ್ರೆ ಗುರುತು ಅಳಿಸಿಹೋಗುತ್ತೆ. ನಾವು ಸೆಕೆಂಡ್ ಇಯರ್‌ನಲ್ಲಿ ಹ್ಯಾಶಿಂಗ್ ಓದಿದ್ದು ಪರೀಕ್ಷೆಗೆ. ಅದನ್ನ ಹೀಗೂ ಬಳಸಬಹುದು ಅಂತ ಅವತ್ತೇ ಗೊತ್ತಾಗಿದ್ದು.

ಮಾಡಿದ್ವಿ. ಎಂಟನೇ ಸಲಕ್ಕೆ ಕಪ್ಪು ಸ್ಕ್ರೀನ್ ಬಂತು. ಅದು ಬರಲಿ ಅಂತ ಹಾರೈಸಿದ್ದು ಅದೇ ಮೊದಲು. ಒತ್ತಿ ಹಿಡಿದು ಆಫ್ ಮಾಡಿ ಆನ್ ಮಾಡಿ, 'ಡಿಮೆಸೇಜ್' ಲಾಗ್‌ನಲ್ಲಿ 'ಹ್ಯಾಶ್ ಮ್ಯಾಚಸ್' ಅಂತ ಹುಡುಕಿದ್ವಿ. ಒಂದು ಪಿಸಿಐ ನಂಬರ್ ಸಿಕ್ತು. 'ಎಲ್‌ಎಸ್‌ಪಿಸಿಐ' ಕಮಾಂಡ್‌ನಲ್ಲಿ ನೋಡಿದ್ರೆ ಗ್ರಾಫಿಕ್ಸ್. ಮೇಲೆ ಮೂಲೆಯಲ್ಲಿ ಗಡಿಯಾರ 2043 ಅಂತ ತೋರಿಸ್ತಿತ್ತು. "ಅಷ್ಟೊತ್ತಿಗೆ ಮ್ಯಾಥ್ಸ್ ಪಾಸ್ ಆಗಿರ್ತೇವೇನ್ಲೇ?" ಅಂದ ಹಾವೇರಿ. ಅವತ್ತು ರಾತ್ರಿ ಅವನು ಮೊದಲ ಸಲ ನಕ್ಕಿದ್ದು ಆವಾಗ. ತಾರೀಖು ತಪ್ಪಾಗಿದ್ದರಿಂದ ಬ್ರೌಸರ್‌ನಲ್ಲಿ ಒಂದು ಪುಟವೂ ತೆರೀತಿರಲಿಲ್ಲ, ಎಲ್ಲದರ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತಿತ್ತು. ಸಮಯ ಸರಿ ಮಾಡಿದ ಮೇಲೆ ಸರಿಹೋಯ್ತು. ಪಿಎಂ-ಟ್ರೇಸ್ ಬಳಸುವವರು ಇದೊಂದು ನೆನಪಿಡಿ.

ಗ್ರಾಫಿಕ್ಸ್ ಡ್ರೈವರ್ ರಿಪೇರಿ ಮಾಡೋ ವಿದ್ಯೆ ನಮಗಿಲ್ಲ. ಆ ಲ್ಯಾಪ್‌ಟಾಪ್‌ನಲ್ಲಿ ಡೀಪ್ ನಿದ್ದೆಯನ್ನ ನಂಬೋಕಾಗಲ್ಲ ಅಂತ ಗೊತ್ತಾಯ್ತು, ಅಷ್ಟೇ. ನಮ್ಮ ಸಾಲನ್ನ ಅಳಿಸಿ ಮತ್ತೆ ಎಸ್-ಟು-ಐಡಲ್‌ಗೆ ಬಂದ್ವಿ. ಮರುದಿನ ಕಾಲೇಜಿಗೆ ಹೋಗಿ ಬಂದಾಗ, ನಿರೀಕ್ಷೆ ಮಾಡಿದಂತೆ, ಬ್ಯಾಗ್ ಬಿಸಿ.

ಸಂಜೆ ಲಾಗ್ ತೆಗೆದ್ವಿ. ಈ ಸಲ ಡೈರಿ ತುಂಬಾ ಉದ್ದ ಇತ್ತು. ಸಸ್ಪೆಂಡ್ ಎಂಟ್ರಿ, ಸಸ್ಪೆಂಡ್ ಎಕ್ಸಿಟ್. ಮತ್ತೆ ಎಂಟ್ರಿ, ಮತ್ತೆ ಎಕ್ಸಿಟ್. ಹಾಸ್ಟೆಲ್‌ನಿಂದ ಕಾಲೇಜಿಗೆ ಬಸ್ಸಿನಲ್ಲಿ ಹೋದ ಆ ಮುಕ್ಕಾಲು ಗಂಟೆಯಲ್ಲೇ ಹತ್ತಾರು ಸಲ. ನಾವು ಹಾವೇರಿಗೆ ಹೇಳ್ತಾ ಹೋದ್ವಿ: "ಇಲ್ಲಿ ಮಲಗ್ತು. ಇಲ್ಲಿ ಎಚ್ಚರ ಆಯ್ತು. ಮುಚ್ಚೇ ಇದೆ ಅಂತ ನೋಡಿ ಅರ್ಧ ನಿಮಿಷ ಬಿಟ್ಟು ಮತ್ತೆ ಮಲಗ್ತು. ಮತ್ತೆ ಎಚ್ಚರ ಆಯ್ತು..."

ಅವನು ತಡೆದ. "ತಡೀರಿ. ನೀವು ಅವತ್ತಿಂದ ಇದು ಮಲಗಂಗಿಲ್ಲ, ಮಲಗಂಗಿಲ್ಲ ಅಂತೀರಿ. ಇಲ್ಲಿ ನೋಡಿದ್ರ ಮಲಗೇ ಮಲಗೈತಿ. ಮಲಗಿದ್ದನ್ನ ಯಾರೋ ಎಬ್ಬಸಾಕತ್ತಾರ. ಎಬ್ಬಿಸಿದವರು ಯಾರು?"

ನಾವು ಸುಮ್ಮನಾದ್ವಿ. ಇಷ್ಟು ದಿನ 'ಸ್ಲೀಪ್ ಇಶ್ಯೂ' ಅಂತ ಒಂದು ಇಂಗ್ಲಿಷ್ ಹೆಸರಿಟ್ಟುಕೊಂಡು ಅದನ್ನೇ ಹುಡುಕ್ತಿದ್ವಿ, ನಿದ್ದೆ ಯಾಕೆ ಸರಿ ಇಲ್ಲ ಅಂತ. ನಿದ್ದೆ ಸರಿಯಾಗೇ ಇತ್ತು. ಯಾರೋ ಕದ ತಟ್ಟುತ್ತಾ ಇದ್ದರು.

ರೂಮಲ್ಲಿ ಮುಚ್ಚಿಟ್ಟಾಗ ಇಷ್ಟು ಬಿಸಿ ಆಗಲ್ಲ, ಬ್ಯಾಗಿನಲ್ಲಿ ಮಾತ್ರ. ಹಾಗಾದ್ರೆ ಬ್ಯಾಗಿನಲ್ಲಿ ಏನಿದೆ? ಟೇಬಲ್ ಮೇಲೆ ಸುರಿದ್ವಿ. ಎರಡು ನೋಟ್‌ಬುಕ್, ಕ್ಯಾಲ್ಕುಲೇಟರ್, ಚಾರ್ಜರ್, ಶೇಂಗಾ ಚಟ್ನಿಪುಡಿಯ ಸಣ್ಣ ಡಬ್ಬಿ, ವೈರ್‌ಲೆಸ್ ಮೌಸ್. ಮೌಸ್‌ನ ಡಾಂಗಲ್ ಲ್ಯಾಪ್‌ಟಾಪ್‌ನ ಪಕ್ಕದ ಯುಎಸ್‌ಬಿ ಪೋರ್ಟಿನಲ್ಲೇ ಇತ್ತು, ಅವನು ಅದನ್ನ ಯಾವತ್ತೂ ತೆಗೆದಿರಲಿಲ್ಲ. ತೆಗೆದ್ರೆ ಕಳೆದುಹೋಗುತ್ತೆ ಅಂತ ಭಯ.

ಲ್ಯಾಪ್‌ಟಾಪ್ ಮುಚ್ಚಿದ್ವಿ. ಪವರ್ ಲೈಟ್ ನಿಧಾನ ಮಿಣುಕೋಕೆ ಶುರುವಾಯ್ತು. ಮಲಗಿದೆ. ಹಾವೇರಿ ಮೌಸ್ ಎತ್ತಿ, ಬಸ್ಸಿನಲ್ಲಿ ಕುಲುಕಿದ ಹಾಗೆ ಒಂದು ಸಲ ಕುಲುಕಿದ. ಮಿಣುಕೋದು ನಿಂತು ಲೈಟ್ ನೆಟ್ಟಗೆ ಉರೀತು. ಫ್ಯಾನ್ ತಿರುಗ್ತು. ನಾವು ಮೂವರೂ ಒಟ್ಟಿಗೆ ಕೂಗಿದ್ದಕ್ಕೆ ಪಕ್ಕದ ರೂಮಿನವರು ಗೋಡೆ ಬಡಿದರು.

ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ಯುಎಸ್‌ಬಿ ಮೌಸ್‌ಗೆ ಸಿಸ್ಟಮ್ ಎಬ್ಬಿಸುವ ಅನುಮತಿ ಇರಲ್ಲ, ಕೀಬೋರ್ಡ್‌ಗೆ ಇರುತ್ತೆ. ಆದ್ರೆ ಇಂಥ ಎಷ್ಟೋ ಡಾಂಗಲ್‌ಗಳು ಒಂದೇ ತುಂಡಿನಲ್ಲಿ ಮೌಸೂ ಹೌದು, ಕೀಬೋರ್ಡೂ ಹೌದು ಅಂತ ಹೇಳಿಕೊಳ್ಳುತ್ತವೆ. ಕೀಬೋರ್ಡ್ ಲೆಕ್ಕದಲ್ಲಿ ಸಿಕ್ಕ ಅನುಮತಿ ಮೌಸ್‌ಗೂ ಸಿಕ್ಕಿಬಿಡುತ್ತೆ. ಆ ಡಾಂಗಲ್‌ನ ಫೋಲ್ಡರ್‌ನಲ್ಲಿ 'ಪವರ್' ಒಳಗೆ 'ವೇಕಪ್' ಫೈಲ್ ನೋಡಿದ್ವಿ, 'ಎನೇಬಲ್ಡ್' ಅಂತಿತ್ತು. ಡೀಪ್ ಹಾಕಿದಾಗ ಬ್ಯಾಗ್ ತಣ್ಣಗಾಗಿದ್ದೂ ಈಗ ಅರ್ಥ ಆಯ್ತು. ಈ ಲ್ಯಾಪ್‌ಟಾಪ್‌ನಲ್ಲಿ ಡೀಪ್ ಆದ್ರೆ ಆ ಪೋರ್ಟಿಗೆ ಕರೆಂಟೇ ಹೋಗ್ತಿರಲಿಲ್ಲ, ಕದ ತಟ್ಟೋಕೆ ಮೌಸ್‌ಗೆ ಕೈಯೇ ಇರಲಿಲ್ಲ. ಅಂದ್ರೆ ಕದ ತಟ್ಟೋನನ್ನ ಬಿಟ್ಟು, ಒಳಗೆ ಮಲಗಿದವನಿಗೆ ನಾವು ನಿದ್ದೆ ಮಾತ್ರೆ ಕೊಟ್ಟಿದ್ವಿ. ಕೆಲವು ಸಲ ಅವನು ಏಳಲೇ ಇಲ್ಲ.

ಆ ಫೈಲ್‌ಗೆ 'ಡಿಸೇಬಲ್ಡ್' ಅಂತ ಬರೆದ್ವಿ. ರೀಬೂಟ್ ಆದ್ರೆ ಅದು ಹೋಗುತ್ತೆ, ಹಾಗಾಗಿ ಡಾಂಗಲ್ ಕಂಡಾಗೆಲ್ಲ ತಾನೇ ಬರೆಯುವಂತೆ ಒಂದು ಸಾಲಿನ 'ಯುಡೆವ್' ರೂಲ್ ಹಾಕಿದ್ವಿ. ಹಾಕಿದ್ದು ನಾವಲ್ಲ, ಹಾವೇರಿ. ನಾವು ಪಕ್ಕದಲ್ಲಿ ಕೂತಿದ್ವಿ. ಈ ಸಲ ಏನು ಬದಲಾಯಿಸಿದ್ವಿ, ಯಾಕೆ, ಯಾವ ತಾರೀಖು ಅಂತ ಅವನು ತನ್ನ ನೋಟ್‌ಬುಕ್‌ನ ಕೊನೇ ಪುಟದಲ್ಲಿ ಕನ್ನಡದಲ್ಲೇ ಬರೆದುಕೊಂಡ. ಆಮೇಲೆ ಮೌಸ್ ತಿರುಗಿಸಿ ಹೊಟ್ಟೆಯ ಕೆಳಗಿದ್ದ ಸಣ್ಣ ಸ್ವಿಚ್ ತೋರಿಸಿದ. ಆನ್, ಆಫ್. "ಇದನ್ನ ಆಫ್ ಮಾಡಿ ಬ್ಯಾಗಿಗೆ ಹಾಕಿದ್ರೂ ಸಾಕಿತ್ತಲ್ಲ?" ಸಾಕಿತ್ತು.

ಅಪ್ಪಂಗೆ ಫೋನ್ ಮಾಡಿದಾಗ ಈ ಸಲ ನಾವೇ ಮಾತಾಡಿದ್ವಿ. "ಅಂಕಲ್, ಲ್ಯಾಪ್‌ಟಾಪ್ ಚೆನ್ನಾಗಿದೆ. ತಪ್ಪು ನಮ್ಮದೇ ಆಗಿತ್ತು." ಅವರಿಗೆ ಎಸ್-3, ಎಸ್-ಟು-ಐಡಲ್ ಅಂತ ಹೇಳೋಕೆ ಹೋಗಲಿಲ್ಲ. ಮಲಗಿದ್ದನ್ನ ಮೌಸ್ ಎಬ್ಬಿಸ್ತಿತ್ತು ಅಂದ್ವಿ. ಅವರಿಗೆ ತಕ್ಷಣ ಅರ್ಥ ಆಯ್ತು, ಜೋರಾಗಿ ನಕ್ಕರು. "ಹಂಗಾರ ಆ ರೊಕ್ಕ ಬೋರಿನ ಮೋಟರಿಗೆ ಹಾಕ್ತೀನ್ರಿ, ಅದೂ ಮಲಗೈತಿ, ಏಳವಲ್ದು" ಅಂದರು. ನಾವು ನಗಬೇಕೋ ಬೇಡವೋ ಗೊತ್ತಾಗದೆ "ಸರಿ ಅಂಕಲ್" ಅಂದ್ವಿ.

ಈಗ ಫೋರ್ತ್ ಸೆಮ್. ಬ್ಯಾಗ್ ತಣ್ಣಗಿದೆ, ಲ್ಯಾಪ್‌ಟಾಪ್ ತೆರೆದ ಕೂಡಲೇ ಏಳುತ್ತೆ. ಡೀಪ್‌ನ ಗ್ರಾಫಿಕ್ಸ್ ತೊಂದರೆ ಹಾಗೇ ಇದೆ. ಅದರ ಬಗ್ಗೆ ಮೂವರೂ ಸೇರಿ ಒಂದು ಬಗ್ ರಿಪೋರ್ಟ್ ಬರೆದು, ಹ್ಯಾಶ್ ಮ್ಯಾಚ್ ಆದ ಸಾಲು ಸಮೇತ ಕಳಿಸಿದ್ದೀವಿ. ಉತ್ತರ ಇನ್ನೂ ಬಂದಿಲ್ಲ. ಹೋದ ಮಾರ್ಕ್ಸ್ ಮಾತ್ರ ವಾಪಸ್ ಬರಲ್ಲ, ಅದನ್ನ ಅವನು ಎತ್ತಿ ಆಡೋದೂ ಇಲ್ಲ.

ಕಾರಿಡಾರ್‌ನಲ್ಲಿ ಈಗ ಲ್ಯಾಪ್‌ಟಾಪ್ ಕೆಟ್ಟರೆ ಜನ ನಮ್ಮ ರೂಮಿಗೇ ಬರ್ತಾರೆ. ಮೊದಲಿನ ಹಾಗೆ ನಾವಿಬ್ಬರೂ ಬಾಯಿ ತೆರೆಯೋಷ್ಟರಲ್ಲಿ ಹಾವೇರಿ ಕೇಳ್ತಾನೆ: "ಯಾವಾಗಿಂದ ಹಿಂಗ? ಅದಕ್ಕಿಂತ ಮೊದಲ ಏನ್ ಬದಲಿ ಮಾಡಿದ್ರಿ?" ಉತ್ತರ ಬರೋವರೆಗೆ ಯಾರೂ ಟರ್ಮಿನಲ್ ತೆರೆಯೋ ಹಾಗಿಲ್ಲ. ನಿಮ್ಮದೂ ಏಳ್ತಾ ಇಲ್ಲ ಅಂದ್ರೆ ಬನ್ನಿ. ಬರುವಾಗ ಚಾರ್ಜರ್ ತನ್ನಿ, ಮತ್ತೆ ಬ್ಯಾಗನ್ನೂ ತನ್ನಿ.